ಬಿಳಿಚಿದ ಬಲೆಯ ತುಂಡು

ನನ್ನ ತಮ್ಮನನ್ನು ನಮ್ಮ ಕೇರಿಯವರು ಈಗಲೂ ನೆನೆಯುವುದುಂಟು, ಆದರೆ ‘ಪುಡಿ ಹಾಕಿ ಬಲೆ ಸುಟ್ಟ ಹುಡುಗ’ ಎಂದು. ಅವನು ತೀರಿಕೊಂಡು ಎಷ್ಟೋ ಮಳೆಗಾಲ ಕಳೆದರೂ ಆ ಮಾತು ಹೋಗಿಲ್ಲ. ಹೇಳುವವರಲ್ಲಿ ದ್ವೇಷವಿಲ್ಲ. ಹಳೆಯ ತಮಾಷೆಯಂತೆ ಹೇಳಿ ನಗುತ್ತಾರೆ, ನಾನು ಅಲ್ಲಿದ್ದೇನೆಂದು ಕಂಡರೆ ಸುಮ್ಮನಾಗುತ್ತಾರೆ. ಅವನು ಬಲೆಯನ್ನು ಆ ಪುಡಿಯ ನೀರಿಗೆ ಯಾಕೆ ಹಾಕಿದ, ಹಾಕುವ ಮೊದಲು ಎಷ್ಟು ಯೋಚಿಸಿದ್ದ ಎಂಬುದನ್ನು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ನಾನು ಓದಿದ್ದು ಕನ್ನಡ ಶಾಲೆಯ ಏಳನೆಯ ಇಯತ್ತೆಯವರೆಗೆ. ಅವನು ಹೇಳಿಕೊಟ್ಟ ರಸಾಯನಶಾಸ್ತ್ರದಲ್ಲಿ ನನಗೆ ಉಳಿದದ್ದು ಸ್ವಲ್ಪ. ಉಳಿದಷ್ಟನ್ನು ಬರೆಯುತ್ತೇನೆ.

ನಮ್ಮದು ಕುಮಟೆಯಿಂದ ಬಾಡಕ್ಕೆ ಹೋಗುವ ಕಡೆ, ಸಮುದ್ರದ ದಂಡೆಯ ಕೇರಿ. ಆಗ ರಂಪಣಿಯ ಕಾಲ. ರಂಪಣಿ ಎಂದರೆ ಒಂದು ಮನೆಯ ಬಲೆಯಲ್ಲ. ಪ್ರತಿ ಮನೆಯೂ ತನ್ನ ತುಂಡನ್ನು ಹೆಣೆದು ತರುತ್ತದೆ. ಮಳೆಗಾಲ ಮುಗಿದ ಮೇಲೆ ಎಲ್ಲ ತುಂಡುಗಳನ್ನೂ ಒಂದಕ್ಕೊಂದು ಹೊಲಿದು ಒಂದೇ ದೊಡ್ಡ ಬಲೆ ಮಾಡುತ್ತಾರೆ. ದೋಣಿ ಅದನ್ನು ಸಮುದ್ರದಲ್ಲಿ ಬಳಸಿ ಬಿಟ್ಟು ಬರುತ್ತದೆ, ದಂಡೆಯ ಮೇಲೆ ಎರಡೂ ತುದಿಗಳಲ್ಲಿ ಇಡೀ ಕೇರಿ ನಿಂತು ಎಳೆಯುತ್ತದೆ. ಯಾರ ತುಂಡು ಬಲೆಯಲ್ಲಿದೆಯೋ ಅವರ ಮನೆಗೆ ಪಾಲು. ತುಂಡು ಇಲ್ಲದ ಮನೆ ದಂಡೆಯಲ್ಲಿ ನಿಂತು ನೋಡಬೇಕು, ಇಲ್ಲವೆ ಎಳೆಯುವ ಕೂಲಿಗೆ ಹೋಗಬೇಕು.

ತಮ್ಮ ಕುಮಟೆಯ ಕಾಲೇಜಿಗೆ ಸೇರಿದ ಮಳೆಗಾಲದಲ್ಲಿಯೇ ಅಪ್ಪ ವಾಂತಿಭೇದಿಯಾಗಿ ಹೋದರು. ಬಲೆಯ ಚಪ್ಪರದಲ್ಲಿ ಕುಳಿತು ನಮ್ಮ ತುಂಡಿನ ಹರಕು ಸೇರಿಸುತ್ತಿದ್ದರು. ಅಲ್ಲಿಯೇ, ಬಲೆ ತೊಡೆಯ ಮೇಲಿರುವಾಗಲೇ ಶುರುವಾಯಿತು. ಎದ್ದು ಬರಲು ಆಗಲಿಲ್ಲ. ಬಲೆಯೆಲ್ಲ ಹೊಲಸಾಯಿತು. ಮರುದಿನ ಅವರು ಇರಲಿಲ್ಲ.

ಆರೋಗ್ಯ ಇಲಾಖೆಯವರು ಬಂದು ಬಾವಿಗೆ ಕೆಂಪು ಔಷಧ ಹಾಕಿದರು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಅವ್ವಿ, ಅಂದರೆ ನಮ್ಮ ತಾಯಿ, ಬಾವಿಕಟ್ಟೆಗೆ ಹೋಗಲು ಹೆದರಿದಳು. ನೀರಿಗೆ ಹೋದವಳು ನಾನು, ಜೊತೆಗೆ ತಮ್ಮ.

“ಬಣ್ಣ ಇದ್ದಷ್ಟು ಹೊತ್ತು ಔಷಧಕ್ಕೆ ಜೀವ ಉಂಟು ಅಕ್ಕ. ಬಣ್ಣ ಹೋಗಿ ಕಂದು ಆತು ಅಂದ್ರೆ ಅದು ಖರ್ಚಾತು.”

“ಎಲ್ಲಿ ಖರ್ಚಾಗ್ತದಾ? ಬಾವಿಯೊಳಗೆ ಯಾರು ತಿಂತಾರೆ?”

“ಕೊಳೆ ತಿಂತದೆ. ಅಲ್ಲ, ಅದು ಕೊಳೆ ತಿಂತದೆ. ಎರಡೂ ಒಂದೇ.”

ಅಪ್ಪ ಹೋದ ಮೇಲೆ ನಾವು ಮೊದಲ ಸಲ ನಕ್ಕದ್ದು ಅಲ್ಲಿ. ನಕ್ಕು, ತಕ್ಷಣ ಮನೆಯ ಕಡೆ ತಿರುಗಿ ನೋಡಿದೆವು.

ಸೂತಕ ಕಳೆದ ಮೇಲೆ ತಾಂಡೇಲ ನಮ್ಮ ಮನೆಗೆ ಬಂದರು. ರಂಪಣಿಯ ಮುಖ್ಯಸ್ಥರು ಅವರೇ. ಅಪ್ಪನಿಗೆ ವರಸೆಯಲ್ಲಿ ಅಣ್ಣ, ನಮಗೆ ದೊಡ್ಡಪ್ಪ. ಜಗಲಿಯ ಅಂಚಿನಲ್ಲಿ ಕುಳಿತರು.

“ತಂಗಿ, ಹೇಳೂಕೆ ಬಾಯಿ ಬತ್ತಿಲ್ಲ. ತುಂಡು ಸೇರ್ಸೂಕೆ ನಮ್ಮವ್ರು ಹೆದರ್ತ್ರು. ಆ ರೋಗದ ಬಲೆ, ಎಲ್ಲರ ಕೈ ಮೇಲೆ ಬರೂದು ಅಲ್ಲಾ?”

“ಬಿಸಿಲಿಗೆ ಒಣಗಿಸಿದ್ರೆ ಆಗೂದಿಲ್ಲಾ ಭಾವ?” ಎಂದಳು ಅವ್ವಿ.

“ಈ ಮಳೇಲಿ ಬಿಸಿಲು ಎಲ್ಲುಂಟು?”

“ಹಂಗಾದ್ರೆ ನಾವು ಎಂತ ತಿನ್ನೂದು? ಈ ಹುಡ್ಗ ಶಾಲೆಗೆ ಹೋಗೂದು ಹೆಂಗೆ? ನಿಮ್ಮ ತಮ್ಮ ಇದ್ದಾಗ ಹಿಂಗೆ ಕೇಳ್ತಿದ್ರಾ?”

ದೊಡ್ಡಪ್ಪ ತಲೆ ತಗ್ಗಿಸಿದರು. ಆಗ ಬಾಗಿಲ ಹಿಂದಿನಿಂದ ತಮ್ಮ ಬಂದು, “ನಾನು ಶುದ್ಧ ಮಾಡಿ ಕೊಡ್ತೆ ದೊಡ್ಡಪ್ಪ. ರೋಗದ ಒಂದು ಹುಳ ಉಳಿಯದ ಹಾಗೆ” ಎಂದ. ದೊಡ್ಡಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, “ಕಲ್ತವ ನೀನು, ಮಾಡು. ಬಲೆ ಕಟ್ಟೂ ದಿನದೊಳಗೆ ಆದ್ರೆ ಆತು” ಎಂದು ಎದ್ದರು.

ನನ್ನ ಮದುವೆ ಹೊನ್ನಾವರದ ಕಡೆ ಗೊತ್ತಾಗಿತ್ತು. ಅಪ್ಪ ಹೋದದ್ದರಿಂದ ಅದು ಮುಂದೆ ಹೋಗಿ, ಆ ದಿನಗಳಲ್ಲಿ ನಾನು ಮನೆಯಲ್ಲೇ ಇದ್ದೆ. ತಮ್ಮ ಕಾಲೇಜಿನಿಂದ ಬಂದು ನೆನೆದ ಅಂಗಿ ಹಿಂಡಿ ಹಾಕಿ ನನ್ನ ಎದುರು ಕೂರುತ್ತಿದ್ದ. ನಾನು ನೂಲು ಹೊಸೆಯುತ್ತ ಕೇಳಬೇಕು, ಅವನು ಆ ದಿನದ ಪಾಠ ಹೇಳಬೇಕು. ಹೇಳಿದರೆ ತನಗೆ ನೆನಪಿರುತ್ತದೆ ಎಂದು ಅವನ ಲೆಕ್ಕ.

ಉತ್ಕರ್ಷಣ ಎಂಬ ಮಾತನ್ನು ನಾನು ಕೇಳಿದ್ದು ಹೀಗೆ. ಪ್ರತಿ ಪರಮಾಣುವಿನ ಸುತ್ತ ಎಲೆಕ್ಟ್ರಾನುಗಳಿವೆ. ಕೆಲವು ವಸ್ತುಗಳು ಎದುರಿಗೆ ಸಿಕ್ಕದ್ದರಿಂದ ಅವನ್ನು ಕಸಿದುಕೊಳ್ಳುತ್ತವೆ. ಕಸಿದುಕೊಳ್ಳುವುದು ಉತ್ಕರ್ಷಣಕಾರಿ. ಕಳೆದುಕೊಂಡದ್ದು ಕೆಡುತ್ತದೆ, ಬಣ್ಣ ಬಿಡುತ್ತದೆ, ತುಕ್ಕು ಹಿಡಿಯುತ್ತದೆ, ಹುಳವಾದರೆ ಸಾಯುತ್ತದೆ.

“ಎಲ್ಲವೂ ಒಂದೇ ಹಾಗೆ ಕಸೀತಾವಾ?” ಎಂದು ಕೇಳಿದೆ.

“ಇಲ್ಲ, ಅದೇ ಮಜಾ. ಅಪ್ಪನ ಕೈ ಕೊಯ್ದಾಗ ಹಚ್ಚಿದ ಕಂದು ಔಷಧ ಇತ್ತಲ್ಲ, ಅಯೋಡಿನ್ನು. ಅದು ಮೆತ್ತಗಿನದು. ಅದೇ ಜಾತೀದು ಕ್ಲೋರಿನ್ನು, ಅದು ಜೋರು.”

“ಒಂದೇ ಜಾತಿ ಆದ್ರೆ ಹೆಚ್ಚು ಕಡಿಮೆ ಯಾಕೆ?”

ಅವನು ಸುತ್ತ ನೋಡಿ, ನಮ್ಮ ಒಲೆಯನ್ನೇ ತೋರಿಸಿದ. “ನಮ್ಮ ಮನೆ ಚಿಕ್ಕದು. ಗೋಡೆ ಬುಡದಲ್ಲಿ ಕೂತವ್ರಿಗೂ ಒಲೆ ಬಿಸಿ ಮುಟ್ತದೆ. ದೊಡ್ಡ ಮನೇಲಿ ಮೂಲೇಲಿ ಕೂತವ್ರಿಗೆ ಮುಟ್ಟೂದಿಲ್ಲ. ಕ್ಲೋರಿನ್ನಿನ ಪರಮಾಣು ಚಿಕ್ಕದು. ಹೊರಗಿಂದ ಬಂದ ಎಲೆಕ್ಟ್ರಾನು ನಡುವಿನ ಬೀಜಕ್ಕೆ ಹತ್ರ ಬಂದು ಕೂರ್ತದೆ, ಎಳೆತ ಗಟ್ಟಿ. ಅಯೋಡಿನ್ನು ದೊಡ್ಡ ಮನೆ.”

“ಕೆಂಪು ಔಷಧ?”

“ಅದ್ರ ಕತೆ ಬೇರೆ. ಅದ್ರೊಳಗೆ ಮ್ಯಾಂಗನೀಸು ಅಂತ ಉಂಟು. ಅದು ತನ್ನ ಏಳು ಎಲೆಕ್ಟ್ರಾನುಗಳನ್ನು ಆಮ್ಲಜನಕದ ಕೈಗೆ ಬಿಟ್ಟುಕೊಟ್ಟ ಲೆಕ್ಕ. ಅಷ್ಟು ಕಳ್ಕೊಂಡದ್ದು ಸುಮ್ನೆ ಇರ್ತದಾ? ಸಿಕ್ಕಿದಲ್ಲಿ ವಾಪಸು ಎಳೀತದೆ. ಬರೀ ನೀರಲ್ಲಿ ಮೂರು ಎಳೀತದೆ. ಹುಳಿ ಇದ್ರೆ ಐದು. ಹುಳಿ ಇದ್ದಲ್ಲಿ ಅದ್ರ ಜೋರು ಹೆಚ್ಚು.”

ಹುಳಿಯ ಮಾತು ಅಲ್ಲಿಗೆ ನಿಂತಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಬಲೆಗೆ ಮೊದಲು ಅವನು ಯೋಚಿಸಿದ್ದು ಕೆಂಪು ಔಷಧವನ್ನೇ. ಹರಿದ ಬಲೆಯ ಒಂದು ಚೂರನ್ನು ಕರಟದಲ್ಲಿಟ್ಟು ಗುಲಾಬಿ ನೀರು ಹೊಯ್ದ. ನೋಡುತ್ತಿದ್ದಂತೆ ಬಣ್ಣ ಹೋಗಿ ಕಂದು ಗಸಿ ಉಳಿಯಿತು. ಮತ್ತೆ ಹೊಯ್ದ, ಮತ್ತೆ ಹಾಗೆಯೇ. ನಮ್ಮ ಬಲೆಗಳೆಲ್ಲ ಹತ್ತಿಯ ನೂಲಿನವು. ಉಪ್ಪುನೀರಿಗೆ ಕೊಳೆಯಬಾರದೆಂದು ಮರದ ತೊಗಟೆ ಕುದಿಸಿ, ಆ ಚೊಗರಿನಲ್ಲಿ ಅದ್ದಿ ಒಣಗಿಸುತ್ತಿದ್ದೆವು. ವರ್ಷ ವರ್ಷ ಕುಡಿದ ಚೊಗರು ನೂಲಿನ ಒಳಗೆಲ್ಲ ಇಳಿದಿರುತ್ತದೆ. ಔಷಧವನ್ನು ಆ ಚೊಗರೇ ತಿಂದು ಮುಗಿಸುತ್ತಿತ್ತು.

“ಹುಳದವರೆಗೆ ಹೋಗೂಕೆ ಚೊಗರು ಬಿಡೂದಿಲ್ಲ ಅಕ್ಕ. ಇದಕ್ಕಿಂತ ಜೋರಿನದು ಬೇಕು” ಎಂದ.

ಅದು ಬ್ಲೀಚಿಂಗ್ ಪುಡಿ. ಆರೋಗ್ಯ ಇಲಾಖೆಯವರು ಕೇರಿಯ ಗಟಾರಗಳಿಗೆ ಚೆಲ್ಲಲು ಕೊಟ್ಟದ್ದು ಉಳಿದಿತ್ತು. ಅದರಲ್ಲಿ ಕ್ಲೋರಿನ್ನು ಆಮ್ಲಜನಕದ ಜೊತೆ ಸೇರಿರುತ್ತದೆ, ಇಷ್ಟವಿಲ್ಲದ ಜೊತೆ, ಬಿಟ್ಟು ಹೋಗಲು ಕಾದಿರುತ್ತದೆ ಎಂದು ಅವನು ಹೇಳಿದ್ದ. ಹುಳಿ ಬೆರೆಸಿದರೆ ಅದೂ ಜೋರಾಗುತ್ತದೆ ಎಂದು ಪಾಠದಲ್ಲಿತ್ತು. ಕಾಲೇಜಿನಲ್ಲಿ ಹುಳಿ ಎಂದರೆ ಬಾಟಲಿಯ ಆಮ್ಲ. ನಮ್ಮ ಮನೆಯಲ್ಲಿ ಹುಳಿ ಎಂದರೆ ಮುರುಗಲು, ಮೀನಿನ ಸಾರಿಗೆ ಹಾಕುವುದು. ಅವ್ವಿ ಬೇಸಿಗೆಯಲ್ಲಿ ಒಣಗಿಸಿಟ್ಟ ಮುರುಗಲ ಸಿಪ್ಪೆಯನ್ನೆಲ್ಲ ನೆನೆಹಾಕಿ ಹಿಂಡಿ ರಸ ತೆಗೆದೆವು.

ಚೊಗರು ಹಾಕಲು ಕೇರಿಯಲ್ಲಿ ಒಂದು ಹಳೆಯ ಪಾತಿದೋಣಿ ಇತ್ತು. ಅದರಲ್ಲಿ ಪುಡಿ ಕದಡಿ, ತುಂಡನ್ನು ಮುಳುಗಿಸಿ, ಮುರುಗಲ ರಸ ಹೊಯ್ದ. ಹಸಿರು ಹಳದಿ ಹೊಗೆಯಂಥದು ಎದ್ದಿತು. ಮೂಗು ಸುಟ್ಟಂತಾಗಿ ಇಬ್ಬರೂ ಕೆಮ್ಮುತ್ತ ತೆಂಗಿನ ಮರಗಳ ಕಡೆ ಓಡಿದೆವು. ಪಕ್ಕದ ಮನೆಯ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದಳು.

“ಎಂತದಾ ಇದು? ಬಲೆ ತೊಳೀತ್ಯೋ ನಮ್ಮನ್ನೇ ಸಾಗಿಸ್ತ್ಯೋ?”

“ಸ್ವಲ್ಪ ಗಾಳಿ ಬಂದ್ರೆ ಹೋತದೆ ಅಜ್ಜಿ.”

“ಹುಳಿ ಹಾಕ್ದೆ, ಇನ್ನು ಮೆಣಸು, ಕಾಯಿ ಹಾಕು. ಬಲೆದೇ ಸಾರು ಮಾಡಿ ಉಣ್ಣು!”

ಕೇರಿಯ ಹೆಂಗಸರೆಲ್ಲ ನಕ್ಕರು. ತಮ್ಮನೂ ನಕ್ಕ. ನೋಡುತ್ತಿದ್ದಂತೆ ಬಲೆಯ ಕಂದು ಬಣ್ಣ ಕರಗತೊಡಗಿತು. ಅಪ್ಪನ ಅಪ್ಪನ ಕಾಲದಿಂದಲೂ ಆ ತುಂಡು ಬೆಳ್ಳಗಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಅವ್ವಿ ಹತ್ತಿರ ಬಂದು ನಿಂತಳು. ರೋಗವೇ ಕಣ್ಣೆದುರು ಬಿಟ್ಟು ಹೋಗುತ್ತಿದೆ ಎಂಬ ಹಾಗೆ ನೋಡಿದಳು. “ಇನ್ನೂ ಸ್ವಲ್ಪ ಬಣ್ಣ ಉಂಟು, ಇರ್ಲಿ, ಪೂರ್ತಿ ಹೋಗ್ಲಿ” ಎಂದಳು. ತಮ್ಮನಿಗೂ ಹಾಗೆಯೇ ಅನಿಸಿತು. ಸಂಜೆಯವರೆಗೆ ಬಿಟ್ಟೆವು. ರೋಗದ ಬಲೆಯನ್ನು ಬಾವಿಯ ಹತ್ತಿರ ತರಲು ಕೇರಿಯವರು ಬಿಡದ್ದರಿಂದ ಸಮುದ್ರದಲ್ಲಿಯೇ ಜಾಲಿಸಿ ಹರವಿದೆವು. ಬಲೆ ಬಿಳಿಚಿ, ಮಲ್ಲಿಗೆಯ ಬಣ್ಣಕ್ಕೆ ಬಂದಿತ್ತು.

ಆಮೇಲೆ ಹೊಸ ಚೊಗರಿನಲ್ಲಿ ಅದ್ದಿ ಎಂದಿನ ಬಣ್ಣಕ್ಕೆ ತಂದೆವು. ಬಲೆ ಕಟ್ಟುವ ದಿನ ದೊಡ್ಡಪ್ಪ ಬಲೆಯ ಕಣ್ಣುಗಳಲ್ಲಿ ಬೆರಳು ತೂರಿಸಿ ಜಗ್ಗಿ ನೋಡಿದರು. ಹರಿಯಲಿಲ್ಲ. “ಆತು, ಸೇರ್ಸಿ” ಎಂದರು. ಅವ್ವಿ ಮನೆಗೆ ಬಂದು, ಅಪ್ಪ ಹೋದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಕಾಲೇಜಿನ ಮಾತು ತೆಗೆದು, “ಇವ ಓದ್ಲಿ, ಬಲೆ ನಮ್ಮನ್ನು ಸಾಕ್ತದೆ” ಎಂದಳು.

ಬಂಗಡೆಯ ದೊಡ್ಡ ಹಿಂಡು ಬಂದದ್ದು ದೀಪಾವಳಿಯ ಆಸುಪಾಸಿನಲ್ಲಿ. ನೀರು ಕಪ್ಪಾಗಿ, ಮೇಲೆ ಹಕ್ಕಿಗಳು ಮುಗಿಬೀಳುತ್ತಿದ್ದವು. ದೋಣಿ ಬಳಸಿ ಬಂತು. ಎರಡೂ ತುದಿಗಳಲ್ಲಿ ಜನ ನಿಂತರು. ತಮ್ಮ ಅಂದು ಕಾಲೇಜು ಬಿಟ್ಟು ಹಗ್ಗಕ್ಕೆ ಕೈ ಹಾಕಿದ್ದ. ಬಲೆ ಮೊಣಕಾಲು ನೀರಿನವರೆಗೆ ಬಂದಿತ್ತು, ಮೀನು ಕುದಿಯುವಂತೆ ಹಾರುತ್ತಿತ್ತು. ಆಗ ಹಗ್ಗ ಒಮ್ಮೆಲೇ ಸಡಿಲವಾಯಿತು. ಸಪ್ಪಳವೇನೂ ಆಗಲಿಲ್ಲ. ಎಳೆಯುತ್ತಿದ್ದವರು ಹಿಂದೆ ಬಿದ್ದರು. ನಮ್ಮ ತುಂಡು ಒದ್ದೆ ಕಾಗದದ ಹಾಗೆ ಮೇಲಿನಿಂದ ಕೆಳಗೆ ಬಿಟ್ಟುಕೊಂಡಿತ್ತು. ಮೀನೆಲ್ಲ ಆ ಬಾಯಿಯಿಂದ ಹೊರಗೆ ಹೋಯಿತು. ಜನ ನೀರಿಗಿಳಿದು ಕೈಯಿಂದ, ಸೆರಗಿನಿಂದ ಹಿಡಿಯಲು ನೋಡಿದರು. ಎಷ್ಟು ಸಿಕ್ಕೀತು?

ಯಾರೂ ಅವನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅವನು ಹರಿದ ಅಂಚನ್ನು ಬೆರಳಲ್ಲಿ ತಿಕ್ಕಿದ. ನೂಲು ಪುಡಿಪುಡಿಯಾಗಿ ಉದುರಿತು.

ಮರುದಿನ ಅವನು ಆ ನೂಲಿನ ಚೂರನ್ನು ಕಿಸೆಯಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದ. ಸಂಜೆ ಬಂದು ನನ್ನ ಎದುರು ಕುಳಿತ.

“ಮಾಸ್ತರ್ರು ಬಯ್ಲಿಲ್ಲ ಅಕ್ಕ. ಕೂರ್ಸಿ ಹೇಳಿದ್ರು. ಯಾವುದು ಎಷ್ಟು ಜೋರಾಗಿ ಎಳೀತದೆ ಅಂತ ಅಳೆದು ಇಟ್ಟಿದ್ದಾರೆ. ಆ ಅಳತೆ ನಾನು ಬಾಯಿಪಾಠ ಮಾಡಿದ್ದೆ. ಆದ್ರೆ ಎಳೆಯೂ ಜೋರು ಮಾತ್ರ ಅದ್ರಲ್ಲಿ ಉಂಟು. ಯಾರಿಂದ ಎಳೀಬೇಕು, ಯಾರನ್ನ ಬಿಡಬೇಕು ಅನ್ನೂದು ಅದಕ್ಕೆ ಗೊತ್ತಾಗೂದಿಲ್ಲ. ಮೊದ್ಲು ಸುಲಭಕ್ಕೆ ಕೊಡೂದು ಚೊಗರು, ಚೊಗರಿಂದ ತಕೊಂತು. ಹುಳನ್ನೂ ಕೊಂದಿತ್ತು. ಅದು ಮುಗಿದ ಮೇಲೆ ಉಳಿದದ್ದು ನೂಲು. ದೊಡ್ಡಪ್ಪನ ಬೆರಳಿಗೆ ಅಂದು ತಡೀತು, ಒಳಗೊಳಗೇ ಸವೆದು ಮೀನಿನ ಭಾರಕ್ಕೆ ಬಿಟ್ಟಿತು. ಬಣ್ಣ ತೆಳುವಾದ ಗಳಿಗೆಗೇ ತೆಗ್ದು ಸಿಹಿನೀರಲ್ಲಿ ತೊಳೀಬೇಕಿತ್ತು. ಅಥವಾ ಹುಳಿ ಹಾಕೂದೇ ಬೇಡಿತ್ತು. ಬರೀ ಪುಡಿ, ತೆಳು ಮಾಡಿ, ಸ್ವಲ್ಪ ಹೊತ್ತು. ಸಾಕಿತ್ತು.”

“ಬಿಸಿನೀರಲ್ಲಿ ಕುದಿಸಿದ್ರೆ?” ಎಂದೆ.

ಅವನು ನನ್ನ ಮುಖ ನೋಡಿದ. “ಅದೂ ಸಾಕಿತ್ತಂತೆ. ಮಾಸ್ತರ್ರೂ ಅದೇ ಹೇಳಿದ್ರು. ಚೊಗರು ಕುದಿಸೂ ಹಂಡೆ ಇತ್ತಲ್ಲ ಅಂದ್ರು.”

ನನಗೆ ಅದನ್ನು ಕೇಳಬಾರದಿತ್ತು ಅನಿಸಿತು. ಅವನು ಪುಸ್ತಕ ತೆರೆದು, ಮುಚ್ಚಿ, ಹೊರಗೆ ಹೋಗಿ ಜಗಲಿಯಲ್ಲಿ ಕುಳಿತ. ಅಂದಿನಿಂದ ನನಗೆ ಪಾಠ ಹೇಳುವುದು ನಿಂತಿತು.

ದೊಡ್ಡಪ್ಪ ಮತ್ತೆ ಬಂದರು. ತುಂಡು ಇಲ್ಲದ ಮನೆಗೆ ಪಾಲು ಕೊಡುವ ಪದ್ಧತಿ ಇಲ್ಲ. ಆದರೆ ದೋಣಿಗೆ ಒಬ್ಬ ಗಂಡಾಳನ್ನು ಕೊಟ್ಟ ಮನೆಯನ್ನು ಹೊರಗೆ ಹಾಕುವ ಪದ್ಧತಿಯೂ ಇಲ್ಲ. ಹೊಸ ತುಂಡು ಆಗುವವರೆಗೆ ಆಳು ದೋಣಿಯಲ್ಲಿದ್ದರೆ ರಂಪಣಿಯಲ್ಲಿ ಮನೆಯ ಜಾಗ ಉಳಿಯುತ್ತದೆ. ಅವರು ಅದನ್ನು ಅವ್ವಿಗೆ ಹೇಳಿದರು. ಉತ್ತರ ಕೊಟ್ಟದ್ದು ತಮ್ಮ.

“ನಾನು ಬತ್ತೆ ದೊಡ್ಡಪ್ಪ.”

“ನಿಂಗೆ ಅಭ್ಯಾಸ ಇಲ್ಲ ಮಗಾ.”

“ಆಗ್ತದೆ.”

ಅವ್ವಿ ಬೇಡ ಎನ್ನಲಿಲ್ಲ. ಅವಳು ಮನೆಯ ಜಾಗ ಉಳಿಯಿತು ಎಂದುಕೊಂಡಳು. ಅಂದು ನಾನೂ ಹಾಗೆಯೇ ಅಂದುಕೊಂಡೆ.

ಹೊಸ ತುಂಡಿಗೆ ನೂಲು ತರಲು ಅವನ ಜೊತೆ ಭಟ್ಕಳಕ್ಕೆ ಹೋಗಿದ್ದೆ. ಅಲ್ಲಿಯ ಅಂಗಡಿಯ ಮುದಿ ಸಾಹೇಬರು ನೂಲಿನ ಜೊತೆ ಒಂದು ಹೊಸ ಬಗೆಯ ಹುರಿಯನ್ನೂ ತೋರಿಸಿದರು, ನೈಲಾನಿನದು. “ಇದಕ್ಕೆ ಚೊಗರು ಬೇಡ ಬೇಟಾ, ಕೊಳೆಯೂದೇ ಇಲ್ಲ” ಎಂದರು. ತಮ್ಮನ ಕಣ್ಣು ಒಂದು ಗಳಿಗೆ ಮೊದಲಿನಂತಾಯಿತು. “ಎಂತದರಿಂದ ಮಾಡ್ತಾರೆ ಇದ್ನ?” ಎಂದು ಕೇಳಿದ. ಅವರಿಗೆ ಗೊತ್ತಿರಲಿಲ್ಲ. ಅವನು ಒಂದು ಗೇಣು ಹುರಿ ಕೇಳಿ ಪಡೆದು ಬೆರಳಿಗೆ ಸುತ್ತಿಕೊಂಡ, ಬಸ್ಸಿನಲ್ಲಿ ಹೊನ್ನಾವರದ ಹೊಳೆ ಬರುವವರೆಗೂ ಅದನ್ನೇ ಬಿಚ್ಚುತ್ತ ಸುತ್ತುತ್ತ ಇದ್ದ. ನಾವು ಕೊಂಡದ್ದು ಹತ್ತಿಯ ನೂಲನ್ನೇ. ನೈಲಾನು ನಮ್ಮ ಕೈಗೆ ಎಟುಕುವಂತಿರಲಿಲ್ಲ.

ಎರಡು ಮಳೆಗಾಲ ಕುಳಿತು ಆ ತುಂಡು ಹೆಣೆದೆವು. ನಡುವೆ ನನ್ನ ಮದುವೆಯಾಯಿತು. ಹೊನ್ನಾವರದಿಂದ ಬಂದಾಗಲೆಲ್ಲ ನಾನೂ ಒಂದಷ್ಟು ಕಣ್ಣು ಹಾಕುತ್ತಿದ್ದೆ. ಅವನ ಅಂಗೈ ಹುಟ್ಟು ಹಿಡಿದು ಒರಟಾಗಿತ್ತು. ತುಂಡು ಮುಗಿದಾಗ, “ಇನ್ನು ಕಾಲೇಜಿಗೆ ಹೋಗ್ತ್ಯಾ?” ಎಂದು ಕೇಳಿದೆ. “ನನ್ನ ಜೊತೆಯವ್ರು ಪಾಸಾಗಿ ಹೋದ್ರು ಅಕ್ಕ” ಎಂದ. ತುಂಡು ರಂಪಣಿಗೆ ಸೇರಿತು. ದೋಣಿಯಿಂದ ಅವನು ಇಳಿಯಲಿಲ್ಲ. ಆ ಹೊತ್ತಿಗೆ ದೋಣಿಗೆ ಅವನು ಬೇಕಾಗಿದ್ದ.

ಅದಾದ ಮೇಲಿನ ಒಂದು ವರ್ಷ, ಮಳೆಗಾಲ ಕಳೆದು ಸಮುದ್ರ ಇನ್ನೂ ಪೂರ್ತಿ ತಣ್ಣಗಾಗದಿದ್ದಾಗ ಬಲೆ ಬಿಡಲು ಹೋದರು. ದಂಡೆಯ ಹತ್ತಿರದ ತೆರೆಯಲ್ಲೇ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಅವನ ಕಾಲು ಹಗ್ಗದಲ್ಲಿ ಸಿಕ್ಕಿತ್ತು. ದಂಡೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಅವನು ಹೋದ. ನನಗೆ ಸುದ್ದಿ ಬಂದು, ಹೊಳೆ ದಾಟಿ ಬಸ್ಸು ಹಿಡಿದು ಬರುವಷ್ಟರಲ್ಲಿ ಅವನನ್ನು ಮಲಗಿಸಿಯಾಗಿತ್ತು. ಅವನ ಕೂದಲಲ್ಲಿ ಮರಳು ಇತ್ತು. ನಾನು ತೆಗೆಯುತ್ತ ಕುಳಿತೆ. ಸಾಕು ಬಿಡು ಎಂದು ಯಾರೋ ನನ್ನ ಕೈ ಹಿಡಿದರು.

ಸೂತಕದ ದಿನಗಳಲ್ಲಿ ರಂಪಣಿ ಸಮುದ್ರಕ್ಕೆ ಹೋಗಲಿಲ್ಲ. ಅವು ಕಳೆದ ಮೇಲೆ ದೊಡ್ಡಪ್ಪ ಬಂದರು. ಈ ಸಲ ಜಗಲಿಯ ಮೇಲೆ ಕೂರಲಿಲ್ಲ, ಅಂಗಳದಲ್ಲೇ ನಿಂತರು.

“ತಂಗಿ, ಎಲ್ಲರೂ ಮಾತಾಡಿಯಾತು. ಆಳು ಇಲ್ಲ ಅಂತ ನೋಡೂದಿಲ್ಲ. ತುಂಡು ಬಲೇಲಿ ಇರ್ಲಿ. ನೀನಿರೂವರೆಗೆ ನಿನ್ನ ಪಾಲು ಮನೆಗೆ ಬತ್ತದೆ.”

ಅವ್ವಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಂದು ಕಾಲಕ್ಕೆ ಇದೇ ಮಾತು ಕೇಳಲು ಅವಳು ಅವರ ಕಾಲು ಹಿಡಿಯುವುದಕ್ಕೂ ತಯಾರಿದ್ದಳು.

“ಬಿಚ್ಚಿ ಕೊಡಿ ಭಾವ” ಎಂದಳು.

“ಸಿಟ್ಟು ಮಾಡ್ಕೊಳ್ಬೇಡ.”

“ಸಿಟ್ಟಲ್ಲ. ಆ ಜಾಗ ಉಳಿಸ್ಕೊಳ್ಳೂಕೆ ಅವನ್ನ ಕೊಟ್ಟೆ. ಈಗ ಜಾಗ ಯಾರಿಗೆ?”

ದೊಡ್ಡಪ್ಪ ನನ್ನ ಕಡೆ ನೋಡಿದರು, ನೀನಾದರೂ ಹೇಳು ಎಂಬಂತೆ. ನಾನು ಅವ್ವಿಯ ಪಕ್ಕಕ್ಕೆ ಹೋಗಿ ನಿಂತೆ. ಅವ್ವಿ ಆಮೇಲೆ ಮೀನು ಹೊತ್ತು ಮಾರಿ ಬದುಕಿದಳು. ನಾನು ಹೊನ್ನಾವರಕ್ಕೆ ಬಾ ಎಂದು ಕರೆದರೂ ಬರಲಿಲ್ಲ. ರಂಪಣಿಯ ಪಾಲಿನ ಮೀನು ಯಾರಾದರೂ ಬಾಗಿಲಿಗೆ ತಂದಿಟ್ಟರೆ ಹಾಗೆಯೇ ವಾಪಸು ಕಳಿಸುತ್ತಿದ್ದಳು.

ದೊಡ್ಡಪ್ಪ ಬಂದು ಹೋದ ಮರುದಿನ ಬೆಳಿಗ್ಗೆ ದಂಡೆಯ ಮೇಲೆ ಬಲೆ ಹರವಿ ನಮ್ಮ ತುಂಡಿನ ಎರಡೂ ಬದಿಯ ಹೊಲಿಗೆ ಬಿಚ್ಚಿದರು. ಬಿಚ್ಚುವವರು ತಲೆ ಎತ್ತಲಿಲ್ಲ. ಬಲೆಯ ನಡುವೆ ಒಡೆದ ಹಾಗೆ ಖಾಲಿ ಬಿತ್ತು, ಆಮೇಲೆ ಅಕ್ಕಪಕ್ಕದ ತುಂಡುಗಳನ್ನು ಎಳೆದು ಸೇರಿಸಿದರು. ನಾನು ನಮ್ಮ ತುಂಡನ್ನು ಮಡಿಸುವಾಗ ಅಲ್ಲಲ್ಲಿ ಜಗ್ಗಿ ನೋಡಿದೆ. ಅವನು ಹೆಣೆದ ಕಡೆಯೂ ನಾನು ಹೆಣೆದ ಕಡೆಯೂ ಎಲ್ಲೂ ಒಂದು ಎಳೆ ಬಿಟ್ಟಿರಲಿಲ್ಲ. ಬಲೆ ಒಣಗಿದ್ದರೂ ಭಾರವಾಗಿತ್ತು. ಅವ್ವಿ ಒಂದು ಬದಿ ಹಿಡಿದಳು, ನಾನು ಇನ್ನೊಂದು ಬದಿ ಹಿಡಿದೆ. ನಡುವೆ ಇಳಿಸಿ ಉಸಿರು ತೆಗೆದುಕೊಳ್ಳುತ್ತ ಮನೆಗೆ ತಂದೆವು.